ತಾಳೆಯಾಗದ 38 ಜಿಬಿ

ಬೆಳಗ್ಗೆ ಏಳಕ್ಕೆ ಫೋನ್ ಬಂತು. ಅಕೌಂಟ್ಸ್ ವಿಭಾಗದ ಮೇಡಂ. "ಸರ್, ರಾತ್ರಿಯಿಂದ ಒಂದೇ ಒಂದು ಮೇಲ್ ಬಂದಿಲ್ಲ. ನನಗಷ್ಟೇನಾ, ಎಲ್ಲರಿಗೂ ಹೀಗೇನಾ?" ಅಂದರು. ಮೇಲ್ ವಿಷಯದಲ್ಲಿ ಏನೇ ಏರುಪೇರಾದರೂ ಮೊದಲು ಗೊತ್ತಾಗುವುದು ಇವರಿಗೇ. ಮೂರು ವಾರದ ಹಿಂದೆಯೂ ಯಾವುದೋ ಒಂದು ಮೇಲ್ ಬಂದಿಲ್ಲ ಅಂತ ಫೋನ್ ಮಾಡಿದ್ದರು. ಆ ಕಥೆ ಆಮೇಲೆ ಬರುತ್ತದೆ.

ನಾನು ನೋಡಿಕೊಳ್ಳುವುದು ಒಂದು ಸಣ್ಣ ಸಂಸ್ಥೆಯ ಮೇಲ್ ಸರ್ವರ್. ಅರವತ್ತು ಚಿಲ್ಲರೆ ಮೇಲ್‌ಬಾಕ್ಸ್‌ಗಳು. ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್. ಬಾಗಿಲಲ್ಲಿ ನಿಂತು ಹೊರಗಿನ ಮೇಲ್ ತೆಗೆದುಕೊಳ್ಳುವುದು ಪೋಸ್ಟ್‌ಫಿಕ್ಸ್. ಅದನ್ನು ಅವರವರ ಡಬ್ಬಿಗೆ ಹಾಕಿ, ಕೇಳಿದಾಗ ತೆಗೆದು ತೋರಿಸುವುದು ಡವ್‌ಕಾಟ್. ಡಿಸ್ಕ್ ಎರಡು. ಸಿಸ್ಟಮ್ಮು, ಏನೇನಾಯಿತು ಅಂತ ಬರೆದಿಡುವ ಲಾಗು, ಮೇಲ್‌ಗಳು ಸರದಿ ಕಾಯುವ ಪೋಸ್ಟ್‌ಫಿಕ್ಸಿನ ಕ್ಯೂ ಎಲ್ಲ ಇರುವ 79 ಜಿಬಿ ರೂಟ್ ಡಿಸ್ಕ್ ಒಂದು. ಮೇಲ್‌ಬಾಕ್ಸ್‌ಗಳಿಗೆ ಅಂತಲೇ ಬೇರೆಯಾಗಿ ಹಾಕಿದ 500 ಜಿಬಿ ಡಿಸ್ಕ್ ಇನ್ನೊಂದು. ದೊಡ್ಡದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇತ್ತು. ಹಾಗಾಗಿ ಜಾಗದ ಯೋಚನೆ ನನ್ನ ತಲೆಗೇ ಬರಲಿಲ್ಲ.

ಲಾಗ್ ತೆಗೆದು ನೋಡಿದರೆ ಸಾಲುಸಾಲಾಗಿ ಒಂದೇ ಮಾತು: 452, ಸಿಸ್ಟಮ್ಮಿನಲ್ಲಿ ಸಾಕಷ್ಟು ಜಾಗವಿಲ್ಲ. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಕಮಾಂಡ್ ಕೊಟ್ಟೆ. ರೂಟ್ ಡಿಸ್ಕ್ 100%. ಬಳಕೆ 75 ಜಿಬಿ, ಉಳಿದಿರುವುದು 60 ಎಂಬಿ.

60 ಎಂಬಿ ಇದೆಯಲ್ಲ, ಮತ್ತೆ ಯಾಕೆ ಬೇಡ ಅನ್ನುತ್ತಿದೆ? ಪೋಸ್ಟ್‌ಫಿಕ್ಸ್ ಇದರಲ್ಲಿ ಸ್ವಲ್ಪ ಮುಂದಾಲೋಚನೆಯ ಆಸಾಮಿ. ಒಂದು ಮೇಲಿನ ಗರಿಷ್ಠ ಗಾತ್ರ ಎಷ್ಟು ಅಂತ ಇಟ್ಟಿರುತ್ತೇವೋ, ಅದರ ಒಂದೂವರೆ ಪಟ್ಟು ಜಾಗ ಖಾಲಿ ಇಲ್ಲದಿದ್ದರೆ ಬಾಗಿಲೇ ತೆಗೆಯುವುದಿಲ್ಲ. ಸುಮ್ನೆ ಬಿಟ್ಟರೆ ಆ ಮಿತಿ ಸುಮಾರು 10 ಎಂಬಿ. ದೊಡ್ಡ ಫೈಲ್ ಹೋಗಲ್ಲ ಅಂತ ಎಲ್ಲರೂ ದೂರಿದ್ದಕ್ಕೆ ನಾನೇ 50ಕ್ಕೆ ಏರಿಸಿದ್ದೆ. ಅಲ್ಲಿಗೆ 75 ಎಂಬಿ ಬೇಕು. ಇರುವುದು 60.

79ರಲ್ಲಿ 75 ಕಳೆದರೆ 4 ಜಿಬಿ ಉಳಿಯಬೇಕಲ್ವಾ ಅಂತ ನೀವು ಕೇಳಬಹುದು. ಅದು ಎಕ್ಸ್‌ಟಿ4, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮು, ಎಲ್ಲ ಅಧಿಕಾರ ಇರುವ ರೂಟ್ ಯೂಸರ್‌ಗೆ ಅಂತ ಎತ್ತಿಡುವ 5%. ಸಾಮಾನ್ಯ ಯೂಸರ್‌ಗಳ ಪಾಲಿಗೆ ಆ ಜಾಗ ಇಲ್ಲ. ಮೊದಲ ಸಲ ಇದನ್ನು ನೋಡಿದವರೆಲ್ಲ ಇದನ್ನೇ ಕಳೆದುಹೋದ ಜಾಗ ಅಂದುಕೊಳ್ಳುತ್ತಾರೆ. ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ.

ಒಂದು ಸಮಾಧಾನ ಇತ್ತು. 452 ಅಂದರೆ "ಈಗ ಬೇಡ, ಆಮೇಲೆ ಬಾ". ಕಳಿಸುವ ಕಡೆಯ ಸರ್ವರ್ ಮೇಲನ್ನು ಬಿಸಾಡುವುದಿಲ್ಲ, ತನ್ನ ಹತ್ತಿರವೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಆದರೆ 5 ದಿನದವರೆಗೆ. ಮೇಡಂಗೆ ಫೋನ್ ಮಾಡಿ, "ಯಾವ ಮೇಲೂ ಕಳೆದುಹೋಗಿಲ್ಲ, ಅರ್ಧ ಗಂಟೆ ಕೊಡಿ" ಅಂದೆ. ಯಾವ ಮೇಲೂ ಕಳೆದುಹೋಗಿಲ್ಲ ಅಂತ ಅಷ್ಟು ಧೈರ್ಯವಾಗಿ ಹೇಳಿದ್ದು ನೆನೆಸಿಕೊಂಡರೆ ಈಗಲೂ ಮುಜುಗರ ಆಗುತ್ತದೆ.

ಮೊದಲು ಉಸಿರಾಡಲು ಜಾಗ ಬೇಕಿತ್ತು. ಸರ್ವರಿನ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಬರೆದಿಡುವ ಲಾಗು, ಅಂದರೆ ಜರ್ನಲ್, ಎಷ್ಟು ತಿಂದಿದೆ ನೋಡಿದೆ: 3.9 ಜಿಬಿ. ನಾವು ಮಿತಿ ಹಾಕದಿದ್ದರೆ ಅದು ಡಿಸ್ಕಿನ 10%ವರೆಗೆ ಬೆಳೆಯುತ್ತದೆ, 4 ಜಿಬಿ ಮುಟ್ಟಿದರೆ ಅಲ್ಲಿಗೆ ನಿಲ್ಲುತ್ತದೆ. ಹಳೆಯದನ್ನು ಕತ್ತರಿಸಿ 500 ಎಂಬಿಗೆ ಇಳಿಸಿದೆ. 3.4 ಜಿಬಿ ಸಿಕ್ಕಿತು. ಎರಡು ನಿಮಿಷದಲ್ಲಿ ಲಾಗಿನಲ್ಲಿ ಮೇಲ್‌ಗಳು ಧೋ ಅಂತ ಬರತೊಡಗಿದವು.

ಅಷ್ಟಕ್ಕೇ ಬಿಟ್ಟು ಮಲಗಬಹುದಿತ್ತು. ಆದರೆ 75 ಜಿಬಿ ತುಂಬಿದ್ದು ಯಾವುದರಿಂದ ಅಂತ ನೋಡಬೇಕಲ್ಲ. ಫೋಲ್ಡರುಗಳಲ್ಲಿರುವ ಫೈಲ್‌ಗಳ ಗಾತ್ರ ಕೂಡಿಸಿ ಹೇಳುವ ಡಿಯು ಕಮಾಂಡ್ ಓಡಿಸಿದೆ. ರೂಟ್ ಯೂಸರ್ ಆಗಿಯೇ ಓಡಿಸಿದೆ. ಇಲ್ಲದಿದ್ದರೆ ಅನುಮತಿ ಇಲ್ಲದ ಫೋಲ್ಡರುಗಳನ್ನು ಬಿಟ್ಟು ಲೆಕ್ಕ ಕೊಡುತ್ತದೆ. ದೊಡ್ಡ ಡಿಸ್ಕಿನ ಲೆಕ್ಕ ಸೇರಬಾರದು ಅಂತ ಒಂದೇ ಫೈಲ್ ಸಿಸ್ಟಮ್ ಒಳಗೆ ಇರು ಎಂಬ ಎಕ್ಸ್ ಆಪ್ಷನ್ನೂ ಹಾಕಿದೆ. ಬಂದ ಮೊತ್ತ 33.6 ಜಿಬಿ. ಡಿಎಫ್ ಹೇಳುತ್ತಿರುವುದು 71.6.

38 ಜಿಬಿ ವ್ಯತ್ಯಾಸ. ಇನ್ನೊಂದು ಸಲ ಓಡಿಸಿದೆ. ಅದೇ.

ಇವೆರಡರ ಲೆಕ್ಕ ಬೇರೆ ಬೇರೆ ಬರುವುದಕ್ಕೆ ಕಾರಣ ಇದೆ. ಒಂದು ಉಗ್ರಾಣ ಅಂದುಕೊಳ್ಳಿ. ಡಿಎಫ್ ಅಂದರೆ ಬಾಗಿಲಲ್ಲಿ ಕೂತು ರಿಜಿಸ್ಟರ್ ನೋಡಿ ಹೇಳುವವನು. ಇಷ್ಟು ಜಾಗ ಕೊಟ್ಟಾಗಿದೆ, ಇಷ್ಟು ಉಳಿದಿದೆ, ಅಷ್ಟೇ. ಡಿಯು ಅಂದರೆ ಒಳಗೆ ಹೋಗಿ ಒಂದೊಂದೇ ಮೂಟೆ ಎಣಿಸುವವನು. ಇಬ್ಬರೂ ಸುಳ್ಳು ಹೇಳುವುದಿಲ್ಲ. ಆದರೆ ಎಣಿಸುವವನು ಕಣ್ಣಿಗೆ ಕಂಡದ್ದನ್ನು ಮಾತ್ರ ಎಣಿಸುತ್ತಾನೆ. ವ್ಯತ್ಯಾಸ ಬಂತು ಅಂದರೆ ಅವನ ಕಣ್ಣಿಗೆ ಬೀಳದ ಮೂಟೆ ಎಲ್ಲೋ ಇದೆ ಅಂತ ಅರ್ಥ.

ಮೊದಲ ಅನುಮಾನ ಎಲ್ಲರಿಗೂ ಬರುವಂಥದ್ದೇ: ಅಳಿಸಿದ ಮೇಲೂ ತೆರೆದೇ ಇರುವ ಫೈಲ್. ಲಿನಕ್ಸಿನಲ್ಲಿ ಫೈಲ್ ಅಳಿಸುವುದು ಅಂದರೆ ಹೆಸರು ಹೊಡೆದುಹಾಕುವುದು, ಅಷ್ಟೇ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದು ಹಿಡಿದುಕೊಂಡಿದ್ದರೆ, ಅದು ಕೈಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ. ಹೆಸರೇ ಇಲ್ಲದ್ದನ್ನು ಡಿಯು ಎಣಿಸುವುದಾದರೂ ಹೇಗೆ? ಎಲ್‌ಎಸ್‌ಒಎಫ್ ಕಮಾಂಡಿಗೆ, ತೆರೆದಿರುವ ಫೈಲ್‌ಗಳಲ್ಲಿ ಹೆಸರಿಲ್ಲದವನ್ನು ಮಾತ್ರ ತೋರಿಸು ಅಂತ ಕೇಳಬಹುದು. ಕೇಳಿದೆ.

ಸಿಕ್ಕಿತು. ಡವ್‌ಕಾಟಿನ ಲಾಗ್ ಪ್ರೋಸೆಸ್ಸು, ಕೈಯಲ್ಲಿ ಒಂದು ಡೀಬಗ್ ಲಾಗ್ ಫೈಲು (ತೊಂದರೆ ಹುಡುಕಲು ಪ್ರತಿ ಹೆಜ್ಜೆಯನ್ನೂ ವಿವರವಾಗಿ ಬರೆಸುವ ಲಾಗು), ಪಕ್ಕದಲ್ಲಿ ಆವರಣದಲ್ಲಿ "ಅಳಿಸಲಾಗಿದೆ" ಎಂಬ ಗುರುತು. ಗಾತ್ರ 7 ಜಿಬಿ.

ಅಳಿಸಿದ್ದು ಯಾರು? ನಾನೇ. ಹಳೇ ಸರ್ವರಿನಿಂದ ಇಲ್ಲಿಗೆ ಮೇಲ್ ಸಾಗಿಸುವಾಗ ಏನೋ ತೊಂದರೆ ಬಂದು ಡವ್‌ಕಾಟಿನ ಡೀಬಗ್ ಲಾಗ್ ಆನ್ ಮಾಡಿದ್ದೆ. ಎರಡು ವಾರದ ಹಿಂದೆ ಅದು ದಪ್ಪವಾಗಿದ್ದು ಕಂಡು ಅಳಿಸುವ ಕಮಾಂಡ್ ಆರ್‌ಎಂ ಕೊಟ್ಟು ಕೈತೊಳೆದುಕೊಂಡಿದ್ದೆ. ಡೀಬಗ್ ಆಫ್ ಮಾಡಿರಲಿಲ್ಲ. ಡವ್‌ಕಾಟ್ ಪಾಪ, ಹೆಸರಿಲ್ಲದ ಆ ಫೈಲಿಗೇ ಹದಿನಾಲ್ಕು ದಿನ ನಿಷ್ಠೆಯಿಂದ ಬರೆಯುತ್ತಾ ಕೂತಿತ್ತು. ಡೀಬಗ್ ಆಫ್ ಮಾಡಿ, ಲಾಗನ್ನು ಮತ್ತೆ ತೆರೆ ಅಂತ ಡವ್‌ಕಾಟಿಗೆ ಹೇಳಿದೆ. ಡಿಎಫ್ 64.6ಕ್ಕೆ ಇಳಿಯಿತು.

ಖುಷಿ ಆಯಿತು, ಆದರೆ ಅರ್ಧಂಬರ್ಧ. 38ರಲ್ಲಿ 7 ಹೋದರೆ ಇನ್ನೂ 31.

ಆಮೇಲಿನ ಎರಡು ಗಂಟೆ ನಾನು ಮಾಡಿದ್ದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಐನೋಡ್, ಅಂದರೆ ಒಂದೊಂದು ಫೈಲಿಗೂ ಬೇಕಾದ ನಮೂದು, ಮುಗಿದಿದೆಯಾ ಅಂತ ನೋಡಿದೆ, 11% ಮಾತ್ರ ಬಳಕೆ. ಮುಗಿದಿದ್ದರೂ ಈ ಲೆಕ್ಕಕ್ಕೆ ಅದು ಸಂಬಂಧ ಇಲ್ಲ ಅಂತ ಗೊತ್ತಿದ್ದೂ ನೋಡಿದೆ. ಒಂದೊಂದು ಚಿಕ್ಕ ಫೈಲೂ 4 ಕೆಬಿಯ ಒಂದು ಬ್ಲಾಕ್ ನುಂಗುತ್ತದಲ್ಲ, ಅದು ಸೇರಿಕೊಂಡು ಹೀಗಾಗಿದೆಯಾ ಅಂದುಕೊಂಡೆ. ಆದರೆ ಡಿಯು ಎಣಿಸುವುದೂ ಬ್ಲಾಕಿನ ಲೆಕ್ಕದಲ್ಲೇ, ಹಾಗಾಗಿ ಅದೂ ಅಲ್ಲ. ಅಳಿಸಿದ ಫೈಲ್ ಇನ್ನೊಂದು ಇರಬಹುದು ಅಂತ ಎಲ್‌ಎಸ್‌ಒಎಫ್ ಮತ್ತೆ ಮತ್ತೆ ಓಡಿಸಿದೆ. ಅನುಮಾನ ಬಂದ ಸರ್ವಿಸ್‌ಗಳನ್ನೆಲ್ಲ ರೀಸ್ಟಾರ್ಟ್ ಮಾಡಿದೆ. 31 ಜಿಬಿ ಅಲ್ಲಾಡಲಿಲ್ಲ. ಕೊನೆಗೆ ಫೈಲ್ ಸಿಸ್ಟಮ್ಮೇ ಕೆಟ್ಟಿದೆ, ರಾತ್ರಿ ಸರ್ವರ್ ನಿಲ್ಲಿಸಿ, ಅದನ್ನು ಪರೀಕ್ಷಿಸಿ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಬೇಕು ಅಂತ ತೀರ್ಮಾನಿಸಿ ಎಲ್ಲರಿಗೂ ಕಳಿಸಬೇಕಾದ ಸೂಚನೆ ಕೂಡ ಬರೆಯತೊಡಗಿದೆ. ಕಾರಣ ತೋಚದಿದ್ದಾಗ ಫೈಲ್ ಸಿಸ್ಟಮ್ಮಿನ ಮೇಲೆ ತಪ್ಪು ಹೊರಿಸುವುದು ನಮ್ಮ ಕೆಲಸದಲ್ಲಿ ಹಳೇ ಚಾಳಿ.

ಸೂಚನೆಯಲ್ಲಿ "ಕಳೆದ ಸಲ ರೀಬೂಟ್ ಮಾಡಿದ್ದು" ಅಂತ ದಿನಾಂಕ ಹಾಕಬೇಕಿತ್ತು. ಅದಕ್ಕೆ ನನ್ನ ಕೆಲಸದ ಡೈರಿ ತೆಗೆದೆ. ಸರ್ವರ್ ಮೇಲೆ ಏನೇ ಮಾಡಿದರೂ ಒಂದು ಟೆಕ್ಸ್ಟ್ ಫೈಲಿನಲ್ಲಿ ಒಂದು ಸಾಲು ಬರೆದಿಡುತ್ತೇನೆ. ಮೂರು ವಾರದ ಹಿಂದಿನ ಭಾನುವಾರ ರಾತ್ರಿ 11: "ಕರ್ನಲ್ ಅಪ್‌ಡೇಟ್, ರೀಬೂಟ್." ಅದರ ಕೆಳಗೆ ಸೋಮವಾರ ಬೆಳಗ್ಗೆ 6: "ಮೇಲ್ ಡಿಸ್ಕ್ ಮೌಂಟ್ ಆಗಿರಲಿಲ್ಲ. ಮಾಡಿದೆ. ಸರಿಹೋಯಿತು."

ಆ ಸಾಲನ್ನು ಮೂರು ಸಲ ಓದಿದೆ. ಮೈಯೆಲ್ಲ ಬೆವರಿತು.

ಏನಾಗಿತ್ತು ಅಂದರೆ, ಮೇಲ್ ಡಿಸ್ಕ್ ಕೂರುವುದು ವಿಮೇಲ್ ಅನ್ನುವ ಫೋಲ್ಡರ್ ಮೇಲೆ. ಆ ಫೋಲ್ಡರ್ ಇರುವುದು ರೂಟ್ ಡಿಸ್ಕಿನಲ್ಲಿ. ಡಿಸ್ಕ್ ಮೌಂಟ್ ಆದಾಗ, ಅಂದರೆ ಆ ಫೋಲ್ಡರಿಗೆ ಜೋಡಣೆಯಾದಾಗ, ಫೋಲ್ಡರಿನ ಮೇಲೆ ಚಾಪೆ ಹಾಸಿದ ಹಾಗೆ. ಕಾಣುವುದು ಚಾಪೆ ಮಾತ್ರ, ನೆಲ ಕಾಣುವುದಿಲ್ಲ. ಆ ಭಾನುವಾರ ಡಿಸ್ಕ್ ಸಮಯಕ್ಕೆ ಸರಿಯಾಗಿ ಎದ್ದಿರಲಿಲ್ಲ. ಡಿಸ್ಕ್ ಸಿಗದಿದ್ದರೂ ಪರವಾಗಿಲ್ಲ, ಸರ್ವರ್ ಏಳಲಿ ಅಂತ, ಯಾವ ಡಿಸ್ಕ್ ಎಲ್ಲಿ ಕೂರಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನಾನೇ ನೋಫೇಲ್ ಅಂತ ಹಾಕಿದ್ದೆ. ಸರ್ವರ್ ಎದ್ದಿತು, ಚಾಪೆ ಇಲ್ಲದೆ. ಡವ್‌ಕಾಟಿಗೆ ಇದೆಲ್ಲ ಏನು ಗೊತ್ತು? ಫೋಲ್ಡರ್ ಇದೆ, ಬರೆಯಲು ಅನುಮತಿಯೂ ಇದೆ. ಬಂದ ಮೇಲ್‌ಗೆಲ್ಲ ಹೊಸ ಡಬ್ಬಿ ಮಾಡಿ ನೆಲದ ಮೇಲೇ ಇಡುತ್ತಾ ಹೋಯಿತು. ಬೆಳಗ್ಗೆ ಆರಕ್ಕೆ ನಾನು ಬಂದು ಅದರ ಮೇಲೆ ಚಾಪೆ ಹಾಸಿದೆ. "ಸರಿಹೋಯಿತು" ಅಂತ ಬೇರೆ ಬರೆದೆ.

ಏಳು ಗಂಟೆ ಹೊತ್ತಿನಲ್ಲಿ ಬಂದ ಮೇಲ್‌ಗಳಿಗೆ 31 ಜಿಬಿ ಆಗುತ್ತದಾ? ಆಗಲ್ಲ. ಆದರೆ ಆಗಿನ್ನೂ ಹಳೇ ಸರ್ವರ್ ಪೂರ್ತಿ ನಿಲ್ಲಿಸಿರಲಿಲ್ಲ. ದಾರಿ ತಪ್ಪಿ ಅಲ್ಲಿಗೆ ಹೋದ ಮೇಲ್‌ಗಳನ್ನು ತರಲು ದಿನಾ ರಾತ್ರಿ ಒಂದು ಗಂಟೆಗೆ ಐಮ್ಯಾಪ್‌ಸಿಂಕ್ ಓಡುತ್ತಿತ್ತು. ಹಳೇ ಕಡೆ ಇದ್ದು ಹೊಸ ಕಡೆ ಇಲ್ಲದ್ದನ್ನು ನಕಲು ಮಾಡುವುದು ಅದರ ಕೆಲಸ. ಅವತ್ತು ಬಂದು ನೋಡಿದರೆ ಹೊಸ ಕಡೆ ಏನೂ ಇಲ್ಲ. ಸರಿ, ಮೊದಲಿನಿಂದ ಎಲ್ಲವನ್ನೂ ಸಾಗಿಸಲು ಶುರುಮಾಡಿದೆ. ಐದು ಗಂಟೆ ಸಾಗಿಸಿದೆ.

ಇದೆಲ್ಲ ಇನ್ನೂ ಊಹೆ. ನೋಡಲೇಬೇಕಿತ್ತು. ಚಾಪೆ ತೆಗೆಯುವುದು ಅಂದರೆ ಡಿಸ್ಕ್ ಅನ್‌ಮೌಂಟ್ ಮಾಡುವುದು, ಅಂದರೆ ಕೆಲಸದ ಹೊತ್ತಿನಲ್ಲಿ ಮೇಲ್ ನಿಲ್ಲಿಸುವುದು. ಅದು ಬೇಕಿಲ್ಲ. ಮೌಂಟ್ ಕಮಾಂಡಿಗೆ ಬೈಂಡ್ ಅಂತ ಒಂದು ಆಪ್ಷನ್ ಇದೆ. ರೂಟ್ ಫೈಲ್ ಸಿಸ್ಟಮ್ಮನ್ನು ಇನ್ನೊಂದು ಜಾಗದಲ್ಲೂ ತೋರಿಸು ಅಂದರೆ ತೋರಿಸುತ್ತದೆ, ಆದರೆ ಅದರ ಮೇಲೆ ಕೂತಿರುವ ಬೇರೆ ಡಿಸ್ಕ್‌ಗಳನ್ನು ಜೊತೆಗೆ ಕರೆದುಕೊಂಡು ಬರುವುದಿಲ್ಲ. "ತಳ" ಅಂತ ಒಂದು ಖಾಲಿ ಫೋಲ್ಡರ್ ಮಾಡಿ ಅಲ್ಲಿ ಬೈಂಡ್ ಮಾಡಿದೆ. ಒಳಗೆ ಹೋಗಿ ವಿಮೇಲ್ ಫೋಲ್ಡರ್ ಮೇಲೆ ಡಿಯು ಕೊಟ್ಟೆ.

31 ಜಿಬಿ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಆದರೆ ನಗು ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಮೇಡಂ ಮಾಡಿದ್ದ ಹಿಂದಿನ ಫೋನ್ ನೆನಪಾಗಿತ್ತು.

ಅದು ಅದೇ ಸೋಮವಾರ. "ಭಾನುವಾರ ರಾತ್ರಿ ಒಬ್ಬರು ಬಿಲ್ ಕಳಿಸಿದ್ದೇನೆ ಅಂತಿದ್ದಾರೆ ಸರ್, ನನಗೆ ಬಂದಿಲ್ಲ" ಅಂದಿದ್ದರು. ನಾನು ಪೋಸ್ಟ್‌ಫಿಕ್ಸಿನ ಲಾಗ್ ನೋಡಿದ್ದೆ. ಆ ಮೇಲ್ ಬಂದಿದೆ, ಡವ್‌ಕಾಟಿಗೆ ಕೊಟ್ಟಾಗಿದೆ, ಉಳಿಸಿಕೊಂಡೆ ಅಂತ ಡವ್‌ಕಾಟ್ ಹೇಳಿದೆ, ಎಲ್ಲ ಸ್ಪಷ್ಟವಾಗಿ ಇತ್ತು. ಹಾಗಾಗಿ, "ಸರ್ವರ್ ಕಡೆಯಿಂದ ತಲುಪಿದೆ ಮೇಡಂ. ಸ್ಪ್ಯಾಮ್ ಫೋಲ್ಡರ್ ನೋಡಿ. ಫೋನಿನಲ್ಲಿ ಕೈತಪ್ಪಿ ಅಳಿಸಿರಬಹುದು" ಅಂದಿದ್ದೆ. ಲಾಗ್ ಸುಳ್ಳು ಹೇಳಿರಲಿಲ್ಲ. ಉಳಿಸಿಕೊಂಡಿದ್ದು ನಿಜ. ಎಲ್ಲಿ ಅನ್ನುವುದನ್ನು ನಾನು ಕೇಳಿರಲಿಲ್ಲ. ಅದೇ ದಿನ ಇನ್ನೊಬ್ಬರು, ಬೆಳಗ್ಗೆ ಐದೂವರೆಗೆ ಫೋನ್ ನೋಡಿದರೆ ಹಳೇ ಮೇಲೆಲ್ಲ ಮಾಯವಾಗಿತ್ತು, ಆಮೇಲೆ ತಾನಾಗಿ ಬಂತು ಅಂದಿದ್ದರು. ನೆಟ್‌ವರ್ಕ್ ತೊಂದರೆ ಇರಬೇಕು ಅಂತ ಅವರನ್ನೂ ಸಾಗಹಾಕಿದ್ದೆ.

ಈಗ 31 ಜಿಬಿಯಲ್ಲಿ ನಿಜವಾದ ಹೊಸ ಮೇಲ್ ಯಾವುದು, ನಕಲು ಯಾವುದು ಅಂತ ಬೇರೆ ಮಾಡಬೇಕಿತ್ತು. ಮೇಲ್‌ಡಿರ್ ವಿಧಾನದಲ್ಲಿ ಒಂದು ಮೇಲ್‌ಗೆ ಒಂದು ಫೈಲ್. ಫೈಲ್ ತೆಗೆದು ತಲೆಭಾಗ ಓದಬಹುದು. ಪ್ರತಿ ಸರ್ವರ್ರೂ ತನ್ನ ಕೈದಾಟುವ ಮೇಲ್‌ನ ನೆತ್ತಿಯ ಮೇಲೆ ಒಂದು "ರಿಸೀವ್ಡ್" ಸಾಲು ಹಾಕಿ ಕಳಿಸುತ್ತದೆ. ಹಳೇ ಸರ್ವರಿನಿಂದ ನಕಲಾಗಿ ಬಂದವುಗಳಲ್ಲಿ ನಮ್ಮ ಹೊಸ ಸರ್ವರಿನ ಸಾಲು ಇರುವುದಿಲ್ಲ. ನೇರವಾಗಿ ಇಲ್ಲಿಗೇ ಬಂದವುಗಳಲ್ಲಿ ಇರುತ್ತದೆ. ಆ ಸಾಲು ಇರುವ ಫೈಲ್‌ಗಳನ್ನು ಮಾತ್ರ ಹುಡುಕಿಸಿದೆ.

212.

212 ಮೇಲ್, 40 ಜನರದ್ದು. ಜಾಹೀರಾತು, ನ್ಯೂಸ್‌ಲೆಟರ್ ತೆಗೆದರೂ ತೊಂಬತ್ತರ ಹತ್ತಿರ ಉಳಿಯುತ್ತದೆ. ವಿಷಯದ ಸಾಲುಗಳನ್ನಷ್ಟೇ ನೋಡಿದೆ. ಒಂದು ಸಂದರ್ಶನದ ಕರೆ ಇತ್ತು. "ಉತ್ತರ ಬರಲಿಲ್ಲ, ಮತ್ತೊಮ್ಮೆ ಕಳಿಸುತ್ತಿದ್ದೇನೆ" ಅನ್ನುವಂಥದ್ದೂ ಇತ್ತು. ಮೇಡಂ ಹೇಳಿದ ಬಿಲ್ಲೂ ಇತ್ತು, ಪಿಡಿಎಫ್ ಸಮೇತ. ಆಮೇಲೆ ಹೊಳೆಯಿತು, ಯಾರಾದರೂ ಆ ಹೊತ್ತಿನಲ್ಲಿ ಇಲ್ಲಿಂದ ಮೇಲ್ ಕಳಿಸಿದ್ದರೆ ಅದರ ಪ್ರತಿಯಲ್ಲಿ ನಮ್ಮ ರಿಸೀವ್ಡ್ ಸಾಲು ಇರುವುದಿಲ್ಲ. ಸೆಂಟ್ ಫೋಲ್ಡರುಗಳಲ್ಲಿ ಆ ರಾತ್ರಿಯ ತಾರೀಖು ಇರುವವನ್ನು ಬೇರೆಯಾಗಿ ಹುಡುಕಿದೆ. 3 ಸಿಕ್ಕವು.

ವಾಪಸ್ ಹಾಕುವುದು ಕಷ್ಟವಾಗಲಿಲ್ಲ. ಮೇಲ್‌ಡಿರ್ ಫೈಲ್ ಹೆಸರುಗಳು ಒಂದರ ಹಾಗೆ ಇನ್ನೊಂದು ಇರದಂತೆ ಮಾಡಿರುತ್ತಾರೆ, ಹಾಗಾಗಿ ಒಂದರ ಮೇಲೊಂದು ಬೀಳುವ ಭಯ ಇಲ್ಲ. ಬಂದ ಮೇಲ್‌ಗಳನ್ನು ಅವರವರ ಡಬ್ಬಿಯ "ನ್ಯೂ" ಫೋಲ್ಡರಿಗೆ, ಸೆಂಟ್‌ನವನ್ನು ಅವರ ಸೆಂಟ್ ಡಬ್ಬಿಗೆ ಸೇರಿಸಿ, ಮಾಲೀಕತ್ವ ಸರಿ ಮಾಡಿದೆ. ಉಳಿದದ್ದನ್ನು ಡವ್‌ಕಾಟ್ ನೋಡಿಕೊಂಡಿತು. ಹಾಕುವ ಮೊದಲು ಎಲ್ಲರಿಗೂ ಒಂದು ಮೇಲ್ ಬರೆದೆ: ಮೂರು ವಾರದ ಹಿಂದಿನ ಕೆಲವು ಮೇಲ್‌ಗಳು ಇವತ್ತು ಕಾಣಿಸಿಕೊಳ್ಳುತ್ತವೆ, ತಪ್ಪು ನನ್ನದು, ಅಂತ.

ಅಳಿಸುವಾಗ ಮಾತ್ರ ಕೈ ನಡುಗಿತು. 31 ಜಿಬಿಯನ್ನು ಮೊದಲು ಕಟ್ಟಿ ಬೇರೆ ಮೆಷಿನ್ನಿಗೆ ಕಳಿಸಿದೆ. ಅದು ಬಿಡಿ. ಅಳಿಸಬೇಕಾದ ಫೋಲ್ಡರಿನ ಹೆಸರೂ ವಿಮೇಲ್, ಅಳಿಸಲೇಬಾರದ ಫೋಲ್ಡರಿನ ಹೆಸರೂ ವಿಮೇಲ್. ನಡುವೆ ಇರುವ ವ್ಯತ್ಯಾಸ ಎದುರಿನ "ತಳ" ಅನ್ನುವ ಒಂದೇ ಪದ. ಇನ್ನೂ ಒಂದಿದೆ. ಬೈಂಡ್‌ಗೆ ಆರ್‌ಬೈಂಡ್ ಅಂತ ಒಬ್ಬ ಅಣ್ಣ ಇದ್ದಾನೆ. ಅವನು ಮೇಲೆ ಕೂತಿರುವ ಡಿಸ್ಕ್‌ಗಳನ್ನೂ ಜೊತೆಗೆ ಕರೆತರುತ್ತಾನೆ. ಬೆಳಗ್ಗೆ ಅವಸರದಲ್ಲಿ ಯಾವುದನ್ನು ಟೈಪ್ ಮಾಡಿದೆ? ಮೌಂಟ್ ಪಟ್ಟಿ ನೋಡಿದೆ. ಬೈಂಡೇ. ಆದರೂ ತಳದ ವಿಮೇಲ್ ಎಷ್ಟಿದೆ ನೋಡಿದೆ, 31. ಮೇಲಿನದು ನೋಡಿದೆ, 214. ಮತ್ತೆ ತಳ ನೋಡಿದೆ, 31. ಆಮೇಲೆ ಎಂಟರ್ ಒತ್ತಿದೆ. ಒತ್ತಿದ ಕೂಡಲೇ ಇನ್ನೊಂದು ಕಿಟಕಿಯಲ್ಲಿ ನನ್ನ ಮೇಲ್‌ಬಾಕ್ಸ್ ತೆಗೆದು, ಎಲ್ಲ ಇದೆಯಾ ಅಂತ ನೋಡಿದೆ. ಇತ್ತು. ಡಿಎಫ್ 33.6ಕ್ಕೆ ಬಂತು. ಡಿಯು ಕೂಡ ಅಷ್ಟೇ ಹೇಳುತ್ತಿತ್ತು.

ಆಮೇಲೆ ಮಾಡಿದ್ದು ಎರಡು ಕೆಲಸ. ವಿಮೇಲ್ ಡಿಸ್ಕ್ ಮೌಂಟ್ ಆಗದೆ ಡವ್‌ಕಾಟ್ ಏಳಲೇಬಾರದು ಅಂತ ಸಿಸ್ಟಮ್‌ಡಿಗೆ ಹೇಳಿದೆ. ಜೊತೆಗೆ, ತಳದಲ್ಲಿರುವ ಖಾಲಿ ಫೋಲ್ಡರಿಗೆ ಚಾಟ್ರ್ ಕಮಾಂಡಿನಿಂದ ಬೀಗ ಹಾಕಿದೆ. ಈಗ ರೂಟ್ ಯೂಸರ್ ಕೂಡ ಅದರೊಳಗೆ ಫೈಲ್ ಮಾಡಲು ಆಗುವುದಿಲ್ಲ, ಆದರೆ ಮೇಲೆ ಡಿಸ್ಕ್ ಮೌಂಟ್ ಮಾಡಲು ಏನೂ ಅಡ್ಡಿಯಿಲ್ಲ. ಇನ್ನೊಮ್ಮೆ ಡಿಸ್ಕ್ ಕೈಕೊಟ್ಟರೆ ಮೇಲ್‌ಗಳು ಪೋಸ್ಟ್‌ಫಿಕ್ಸಿನ ಕ್ಯೂನಲ್ಲಿ ಕಾಯುತ್ತವೆ.

ಡಿಸ್ಕ್ ತುಂಬುವ ಮೊದಲು ಎಚ್ಚರಿಕೆ ಬರಲಿಲ್ಲವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬಂದಿತ್ತು. 90% ದಾಟಿದಾಗಲೇ ಬಂದಿತ್ತು, ಮೇಲ್‌ನಲ್ಲಿ, ನಾನು ತೆಗೆದೇ ನೋಡದ ಒಂದು ಫಿಲ್ಟರ್ ಫೋಲ್ಡರಿಗೆ. 100% ಆದಾಗಿನ ಎಚ್ಚರಿಕೆ ಮಾತ್ರ ಬರಲಿಲ್ಲ. ಅದನ್ನು ಕಳಿಸಬೇಕಾದ ಸರ್ವರ್ರೇ ಬಾಗಿಲು ಹಾಕಿಕೊಂಡಿತ್ತಲ್ಲ. ಈಗ ಅದು ನನ್ನ ಫೋನಿಗೆ ಎಸ್‌ಎಂಎಸ್ ಆಗಿ ಬರುತ್ತದೆ.

ಸಂಜೆ ಮೇಡಂಗೆ ನಾನೇ ಫೋನ್ ಮಾಡಿದೆ. "ಆ ಬಿಲ್ ಸಿಕ್ಕಿತು ಮೇಡಂ, ನಿಮ್ಮ ಇನ್‌ಬಾಕ್ಸಿನಲ್ಲಿದೆ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದಾ? ಅದನ್ನ ಅವರ ಹತ್ತಿರ ಮತ್ತೆ ತರಿಸಿಕೊಂಡು ಅವತ್ತೇ ಕ್ಲಿಯರ್ ಮಾಡಿದೆ ಸರ್" ಅಂದರು. ಆಮೇಲೆ ಕೇಳಿದರು, "ಹಾಗಾದರೆ ಸ್ಪ್ಯಾಮ್‌ನಲ್ಲಿ ಇರಲಿಲ್ಲ, ಅಲ್ವಾ?"

"ಇರಲಿಲ್ಲ ಮೇಡಂ" ಅಂದೆ.